ಖಾಲಿ ಓಡದ ಚಿತ್ರ ನಮಗೆ ಬೇಡ

ನಮ್ಮವರ ಹೊಸ ಮನೆಗಳ ಹಾಲ್‌ಗೆ ಹೋದರೆ ಈಗ ಒಂದು ಚಿತ್ರ ತಪ್ಪದೆ ಕಾಣುತ್ತದೆ. ಒಂದು ಗೋಡೆಯಲ್ಲಿ ಆಯತುಲ್ ಕುರ್ಸಿ, ಎದುರಿನ ಗೋಡೆಯಲ್ಲಿ, ಸೋಫಾದ ಮೇಲ್ಗಡೆ, ನಾಲ್ಕಡಿ ಅಗಲದ ಕಡಲು. ಹೊಯಿಗೆಯ ಮೇಲೆ ಒಂದು ಹಳೆಯ ಓಡ ವಾಲಿಕೊಂಡು ಮಲಗಿದೆ. ಹಿಂದೆ ಕೆಂಪು ಸೂರ್ಯ. ಬದಿಯಲ್ಲಿ ಬಾಗಿದ ತೆಂಗಿನಮರ, ಹೆಚ್ಚೆಂದರೆ ಒಣಗಲು ಹಾಕಿದ ಒಂದು ಬಲೆ. ಮನುಷ್ಯ ಇಲ್ಲ. ಮೀನಂತೂ ಇಲ್ಲವೇ ಇಲ್ಲ. ಮಂಗಳೂರಿನ ಫ್ರೇಮ್ ಅಂಗಡಿಯಲ್ಲಿ ತೆಗೆದುಕೊಂಡರೂ ಅದೇ, ದುಬೈಯಿಂದ ಸುತ್ತಿಕೊಂಡು ತಂದರೂ ಅದೇ. ಬಂದವರು ನೋಡಿ, “ಎಷ್ಟು ಚಂದ, ಹಳೆಯ ಕಾಲ ನೆನಪಾಗುತ್ತದೆ” ಅನ್ನುತ್ತಾರೆ.

ಯಾವ ಹಳೆಯ ಕಾಲ ಮಾರಾಯ್ರೆ? ನನಗೆ ನೆನಪಿರುವ ಕಡಲ ಬದಿಯಲ್ಲಿ ನಿಲ್ಲಲು ಜಾಗ ಇರುತ್ತಿರಲಿಲ್ಲ. ಬೈಗುಳ, ಲೆಕ್ಕ, ಕಾಗೆ, ಬುಟ್ಟಿ, ಕಾಲಡಿಗೆ ಬೂತಾಯಿಯ ಹೊಳೆಯುವ ಚಿಪ್ಪು. ಆ ಓಡವನ್ನು ಖಾಲಿ ಮಾಡಿದವರು ಯಾರು ಎಂದು ಈ ಚಿತ್ರಗಳು ಕೇಳುವುದಿಲ್ಲ. ಮಳೆ ನಿಂತ ಹಾಗೆ, ಹೊತ್ತು ಮುಳುಗಿದ ಹಾಗೆ, ಮೀನುಗಾರಿಕೆಯೂ ತನ್ನಷ್ಟಕ್ಕೆ ಮುಗಿಯಿತು ಎಂಬ ಸುಳ್ಳನ್ನು ಅವು ಹೇಳುತ್ತವೆ. ನಾವು ಆ ಸುಳ್ಳಿಗೆ ದುಡ್ಡು ಕೊಟ್ಟು ಮನೆಯೊಳಗೆ ತಂದು ಮೊಳೆ ಹೊಡೆಯುತ್ತೇವೆ.

ಇಷ್ಟು ಸಿಟ್ಟು ಯಾಕೆಂದರೆ, ಇದು ಈಗ ಮನೆಯ ಗೋಡೆ ದಾಟಿ ಊರಿನ ಗೋಡೆಗೆ ಬಂದಿದೆ. ನಮ್ಮ ಕಡೆಯ ಒಂದು ಸಭಾಂಗಣಕ್ಕೆ ‘ಕಡಲ ಬದುಕು’ ಎಂದು ಹದಿನೈದಡಿ ಚಿತ್ರ ಬರೆಸುವ ತೀರ್ಮಾನವಾಗಿ, ಅದರ ಕರಡು ವಾಟ್ಸಾಪ್‌ನಲ್ಲಿ ಬಂತು. ಸಣ್ಣ ಸೊಂಟದ ಹೆಂಗಸು, ತಲೆಯ ಮೇಲೆ ಬುಟ್ಟಿ, ಆಚೆ ಓಡ, ಅದೇ ಸೂರ್ಯ. “ಇದರಲ್ಲಿ ಬ್ಯಾರಿಗಳು ಎಲ್ಲಿ?” ಎಂದು ಕೇಳಿದೆ. ಉತ್ತರ ಬಂದದ್ದು ಹೀಗೆ: “ನಾವು ಮೀನು ಹಿಡಿದವರಲ್ಲವಲ್ಲ.”

ಸರಿ. ಹಿಡಿದವರು ಹೆಚ್ಚಾಗಿ ಮೊಗವೀರರು, ಮುಕ್ಕುವರು. ನಮ್ಮಲ್ಲೂ ಕಡಲಿಗೆ, ಹೊಳೆಗೆ ಇಳಿದವರಿದ್ದಾರೆ, ಆದರೆ ನಮ್ಮಲ್ಲಿ ಬಹಳ ಜನ ನಿಂತದ್ದು ಹೊಯಿಗೆಯ ಮೇಲೆ. ಏಲಂ ಕೂಗಿದವರು, ಕೊಂಡವರು, ಐಸ್ ಹೊಡೆದವರು, ಲಾರಿಗೆ ತುಂಬಿಸಿದವರು, ಸೈಕಲ್ ತುಳಿದವರು. ನನ್ನ ಉಪ್ಪ ಉಪ್ಪಳದ ಕಡಲ ಬದಿಯಿಂದ ಬಾಯಾರಿನ ಗುಡ್ಡದವರೆಗೆ ಸೈಕಲ್ ತುಳಿದರು. ಹಿಂದೆ ಮೀನಿನ ಪೆಟ್ಟಿಗೆ, ಹ್ಯಾಂಡಲ್‌ಗೆ ರಬ್ಬರಿನ ಹಾರ್ನ್, ಜೇಬಿನಲ್ಲಿ ನೀರು ಬಿದ್ದು ಉಬ್ಬಿದ ಒಂದು ಪುಸ್ತಕ. ಏರಿನಲ್ಲಿ ಇಳಿದು ದೂಡಬೇಕು. ಬಿಸಿಲು ಏರುವ ಮೊದಲು ಪೆಟ್ಟಿಗೆ ಖಾಲಿಯಾಗಬೇಕು, ಇಲ್ಲದಿದ್ದರೆ ಉಳಿದದ್ದು ತೆಂಗಿನ ಬುಡಕ್ಕೆ. ತೋಟದ ಮನೆಗಳಲ್ಲಿ ಸಾಲದ ಲೆಕ್ಕವನ್ನು ಅಡುಗೆಮನೆಯ ಗೋಡೆಯಲ್ಲಿ ಮಸಿಯಿಂದ ಗೀಟು ಹಾಕಿ ಇಡುತ್ತಿದ್ದರು. ಅಡಿಕೆ ಕೊಯ್ಲಿನ ನಂತರ ಗೀಟು ಎಣಿಸಿ ದುಡ್ಡು. ಕೆಲವರು ದುಡ್ಡಿನ ಬದಲು ತೆಂಗಿನಕಾಯಿ ಕೊಡುತ್ತಿದ್ದರು, ಉಪ್ಪ ಅದನ್ನೂ ಕಟ್ಟಿಕೊಂಡು ಬರುತ್ತಿದ್ದರು. ಆ ಗೀಟುಗಳು ಯಾವ ಚಿತ್ರದಲ್ಲಿ ಇವೆ? ‘ಮೀನಿನ ಬ್ಯಾರಿ’ ಎಂದು ನಗೆಯಾಡುವುದಕ್ಕೆ ನಾಟಕದಲ್ಲಿ ನಾವು ಬೇಕು, ಗೋಡೆಯಲ್ಲಿ ಬೇಡ.

ಆದರೆ ಸೈಕಲಿನ ಬಡವನನ್ನು ಚಿತ್ರದಲ್ಲಿ ಸೇರಿಸಿ ಎಂದಷ್ಟೇ ಕೇಳುವುದು ಸುಲಭ, ಅದರಿಂದ ನಮಗೆಲ್ಲ ಖುಷಿಯೂ ಆಗುತ್ತದೆ. ನಾನು ಕೇಳುವುದು ಅಷ್ಟನ್ನೇ ಅಲ್ಲ. ನಿಜವಾಗಿ ಏನಾಯಿತು ಎಂದು ಮೊದಲು ಹೇಳಿಬಿಡುತ್ತೇನೆ.

1956ರವರೆಗೆ ನಾವೂ ದಕ್ಷಿಣ ಕನ್ನಡ ಜಿಲ್ಲೆಯವರೇ. ಆ ಹಳೆಯ ಜಿಲ್ಲೆಯ ಕರಾವಳಿಯ ದೊಡ್ಡ ಕಸುಬು ರಂಪಣಿ. ಮೀನಿನ ಹಿಂಡು ದಡದ ಹತ್ತಿರ ಬಂದಾಗ ದೋಣಿಯಿಂದ ಸುತ್ತು ಬಲೆ ಬಿಟ್ಟು, ಎರಡು ತುದಿಯನ್ನೂ ದಡದಿಂದ ಎಳೆಯುವುದು. ಐವತ್ತು ಅರವತ್ತು ಜನರಾದರೂ ಬೇಕು. ಬಂದದ್ದರಲ್ಲಿ ಪಾಲು. ಹಗ್ಗಕ್ಕೆ ಕೈ ಹಾಕಿದ ಮುದುಕನಿಗೂ ಒಂದು ಹಿಡಿ ಮೀನು. 1950ರ ದಶಕದಲ್ಲಿ ಕೊಲ್ಲಂ ಬಳಿಯ ನೀಂಡಕರದಲ್ಲಿ ನಾರ್ವೆಯ ನೆರವಿನ ಯೋಜನೆ ಬಂತು, ಅದರ ಬೆನ್ನಿಗೆ ಯಂತ್ರದ ಬೋಟು, ಟ್ರಾಲ್ ಬಲೆ, ಐಸ್, ಪರದೇಶಕ್ಕೆ ಸಿಗಡಿ. 1970ರ ದಶಕದ ನಡುವಿನಲ್ಲಿ ಮಂಗಳೂರು ಕಡೆಯಲ್ಲಿ ಪರ್ಸೀನ್ ಬಂತು. ದಡಕ್ಕೆ ಬರುವ ಬಂಗುಡೆ, ಬೂತಾಯಿಯ ಹಿಂಡನ್ನು ಕಡಲಿನಲ್ಲೇ ಸುತ್ತಿ ತೆಗೆದರೆ ದಡದಲ್ಲಿ ಹಗ್ಗ ಹಿಡಿದು ನಿಂತವನಿಗೆ ಏನು ಸಿಗುತ್ತದೆ? ಗಲಾಟೆಯಾಯಿತು, ಮೆರವಣಿಗೆಯಾಯಿತು, ರಂಪಣಿ ಮಾತ್ರ ಉಳಿಯಲಿಲ್ಲ. ಈಗ ಎಳೆಯುತ್ತೇವೆ ಎಂದರೂ ಎಷ್ಟೋ ಕಡೆ ಹೊಯಿಗೆಯೇ ಇಲ್ಲ. ಕಡಲು ಕೊರೆದು, ಅದಕ್ಕೆ ಕರಿಕಲ್ಲು ತಂದು ಸುರಿದು, ಉಪ್ಪಳದ ಮುಸೋಡಿಯಂಥ ಕಡೆ ದಡ ಎಂದರೆ ಕಲ್ಲಿನ ರಾಶಿ. ಕಲ್ಲಿನ ಮೇಲೆ ಬಲೆ ಎಳೆಯುವುದು ಹೇಗೆ?

ಇನ್ನು ಬೂತಾಯಿ. ಕೇಂದ್ರ ಸಮುದ್ರ ಮೀನು ಸಂಶೋಧನಾ ಸಂಸ್ಥೆಯ ಲೆಕ್ಕದಂತೆ ಕೇರಳದಲ್ಲಿ 2012ರಲ್ಲಿ ಸಿಕ್ಕಿದ ಬೂತಾಯಿ ಸುಮಾರು 3.9 ಲಕ್ಷ ಟನ್. 2021ರಲ್ಲಿ ಸಿಕ್ಕಿದ್ದು ಸುಮಾರು 3,300 ಟನ್. ಸೊನ್ನೆ ಬಿಟ್ಟುಹೋಗಿಲ್ಲ, ಸರಿಯಾಗಿಯೇ ಓದಿದಿರಿ. ಆಮೇಲೆ ಸ್ವಲ್ಪ ಚೇತರಿಸಿತು. ಕಡಲು ಬಿಸಿಯಾದದ್ದು ಒಂದು ಕಾರಣ ಎನ್ನುತ್ತಾರೆ, ಒಪ್ಪುತ್ತೇನೆ. ಆದರೆ ಬೆರಳುದ್ದದ ಮರಿಯನ್ನು ಬಾಚಿ ಮೀನುಹುಡಿ ಕಾರ್ಖಾನೆಗೆ ಕಳಿಸಿದ್ದು ಬಿಸಿಲಲ್ಲ. ಹತ್ತು ಸೆಂಟಿಮೀಟರಿಗಿಂತ ಸಣ್ಣ ಬೂತಾಯಿ ಹಿಡಿಯಬಾರದು ಎಂದು ಕೇರಳದಲ್ಲಿ ನಿಯಮ ಇದೆ. ನಿಯಮ ಬರುವುದು ಯಾವಾಗ? ಹಿಡಿಯುವವನೂ ಕೊಳ್ಳುವವನೂ ಇರುವಾಗ.

ಕೊಳ್ಳುವವನು. ಅಲ್ಲಿಗೇ ಬಂದೆ ನಾನು. ಯಂತ್ರಕ್ಕೆ, ಬಲೆಗೆ ದುಡ್ಡು ಬ್ಯಾಂಕಿನಿಂದ ಮಾತ್ರ ಬರಲಿಲ್ಲ. ಮುಂಗಡ ಕೊಟ್ಟವರು ಕಡಲ ಬದಿಯ ವ್ಯಾಪಾರಿಗಳು. ಬಡ್ಡಿ ಇಲ್ಲ, ಸರಿ, ಹರಾಮಿನ ಮಾತು ಬೇಡ. ಆದರೆ ಮುಂಗಡ ತೆಗೆದುಕೊಂಡ ಬೋಟಿನ ಮೀನು ಕೊಟ್ಟವನ ಕೈಯಿಂದಲೇ ಏಲಂ ಆಗಬೇಕು, ಪ್ರತಿ ಸಲವೂ ಅವನ ಕಮಿಷನ್ ಕಳೆಯಬೇಕು, ಮುಂಗಡ ತೀರುವವರೆಗೆ ಬೇರೆಯವರ ಹತ್ತಿರ ಹೋಗುವ ಹಾಗಿಲ್ಲ. ತೀರುವುದು ಯಾವಾಗ? ಕೇರಳ ಸರಕಾರ 2021ರಲ್ಲಿ ಮೀನಿನ ಏಲಂ ಮತ್ತು ಮಾರಾಟಕ್ಕೇ ಒಂದು ಕಾಯಿದೆ ತಂದದ್ದು ಸುಮ್ಮನೆ ಅಲ್ಲ. ಈ ವ್ಯಾಪಾರದಲ್ಲಿ ಎಲ್ಲ ಜಾತಿಯವರೂ ಇದ್ದರು, ನಾವೊಬ್ಬರೇ ಅಲ್ಲ. ನಾವು ಇರಲಿಲ್ಲ ಎನ್ನುವುದು ಮಾತ್ರ ಬೇಡ. ಖಾಲಿ ಓಡದ ಚಿತ್ರ ನಮ್ಮನ್ನು ಮರೆಸುತ್ತದೆ, ಹಾಗೆಯೇ ನಮ್ಮನ್ನು ಬಿಟ್ಟೂ ಬಿಡುತ್ತದೆ. ಅದಕ್ಕೇ ಅದು ನಮಗೆ ಅಷ್ಟು ಇಷ್ಟ ಎಂದು ನನ್ನ ಗುಮಾನಿ.

ಹಾಗಾದರೆ ಮುಗಿದುಹೋದ ಮೀನುಗಾರಿಕೆಯ ಚಿತ್ರ ಹೇಗಿರಬೇಕು? ಇದಕ್ಕೆ ನನಗೆ ಉತ್ತರ ಸಿಕ್ಕಿದ್ದು ದೂರದಿಂದ. ಇಂಗ್ಲೆಂಡಿನಲ್ಲಿ ಓದಲು ಹೋದ ನನ್ನ ತಂಗಿಯ ಮಗಳು ಒಂದು ಪೋಸ್ಟ್‌ಕಾರ್ಡ್ ಕಳಿಸಿದಳು. “ಮಾಮ, ಇವರೂ ಗುಜರಿಯವರೇ” ಎಂದು ಹಿಂದೆ ಬರೆದಿದ್ದಳು. ಆಲ್ಫ್ರೆಡ್ ವಾಲಿಸ್ ಎಂಬವನ ಚಿತ್ರ ಅದು. ಆಮೇಲೆ ಹುಡುಕಿ ಹುಡುಕಿ ಓದಿದೆ.

ವಾಲಿಸ್ ಹುಟ್ಟಿದ್ದು 1855ರಲ್ಲಿ. ಹರೆಯದಲ್ಲಿ ಹಾಯಿಹಡಗಿನಲ್ಲಿ ಅಟ್ಲಾಂಟಿಕ್ ದಾಟಿ ನ್ಯೂಫೌಂಡ್‌ಲ್ಯಾಂಡಿನವರೆಗೆ ಹೋದವನು, ಆಮೇಲೆ ಕಾರ್ನ್‌ವಾಲ್ ಕರಾವಳಿಯಲ್ಲಿ ಮೀನು ಹಿಡಿದವನು. ನಂತರ ಸೇಂಟ್ ಐವ್ಸ್ ಎಂಬ ಮೀನುಗಾರರ ಊರಿನಲ್ಲಿ ಹಳೆ ಹಗ್ಗ, ಹಾಯಿ, ಕಬ್ಬಿಣ, ಚಿಂದಿ ಕೊಂಡು ಮಾರುವ ಅಂಗಡಿ ಇಟ್ಟ. ನಮ್ಮ ಗುಜರಿ ಅಂಗಡಿಯೇ. ಆ ಊರಿನ ಮೀನು ಯಾವುದು ಗೊತ್ತೇ? ಪಿಲ್ಚರ್ಡ್. ನಮ್ಮ ಬೂತಾಯಿಯ ನೆಂಟ. ಗುಡ್ಡದ ಮೇಲೆ ಒಬ್ಬ ಕಾವಲು ನಿಂತು ನೀರಿನಲ್ಲಿ ಹಿಂಡು ಕಂಡ ಕೂಡಲೇ ಕೂಗು ಹಾಕುತ್ತಿದ್ದ, ಕೆಳಗೆ ದೋಣಿಗಳು ಸುತ್ತು ಬಲೆ ಬಿಡುತ್ತಿದ್ದವು. ಹಿಡಿದ ಮೀನನ್ನು ಉಪ್ಪು ಹಾಕಿ, ಒತ್ತಿ ಎಣ್ಣೆ ತೆಗೆದು, ಇಟಲಿಗೆ ಕಳಿಸುತ್ತಿದ್ದರು. ನಮ್ಮ ಕಡೆಯೂ ಬೂತಾಯಿ ಎಣ್ಣೆ ತೆಗೆದು, ಹಿಂಡಿಯನ್ನು ತೋಟಕ್ಕೆ ಗೊಬ್ಬರ ಹಾಕಿದವರಲ್ಲವೇ? ಓದುವಾಗ ಉಪ್ಪಳದ್ದೇ ಕಥೆ ಅನ್ನಿಸಿತು ನನಗೆ.

ವಾಲಿಸ್ ಕಣ್ಣೆದುರೇ ಅದೆಲ್ಲ ಮುಗಿಯಿತು. ಪಿಲ್ಚರ್ಡ್ ದಡಕ್ಕೆ ಬರುವುದು ನಿಂತಿತು, ಹಾಯಿ ಹೋಗಿ ಉಗಿಯಂತ್ರದ ಬೋಟು ಬಂತು. 1922ರಲ್ಲಿ ಹೆಂಡತಿ ತೀರಿಕೊಂಡಳು. ಎಪ್ಪತ್ತರ ಸುಮಾರಿಗೆ, ಒಬ್ಬನೇ ಇರುವ ಬೇಸರಕ್ಕೆ, ಅವನು ಬಣ್ಣ ಹಿಡಿದ. ಯಾರೂ ಕಲಿಸಿದ್ದಲ್ಲ. ಕ್ಯಾನ್ವಾಸ್ ಇಲ್ಲ, ಜಿನಸಿನ ಅಂಗಡಿಯವನು ಕೊಟ್ಟ ರಟ್ಟಿನ ಚೂರು. ಬಣ್ಣ ಎಂದರೆ ದೋಣಿಗೆ, ಮನೆಗೆ ಬಳಿಯುವ ಬಣ್ಣ, ಅದೂ ನಾಲ್ಕೈದೇ: ಕಪ್ಪು, ಬಿಳಿ, ಬೂದಿ, ಕಂದು, ಒಂದು ಹಸಿರು. ರಟ್ಟು ಸೊಟ್ಟಗಿದ್ದರೆ ಸೊಟ್ಟಗೇ ಇರಲಿ, ಆ ಸೊಟ್ಟಕ್ಕೆ ಕಡಲನ್ನು ಹೊಂದಿಸುತ್ತಿದ್ದ. ಅವನ ಚಿತ್ರದಲ್ಲಿ ಕೆಂಪು ಸೂರ್ಯ ಹುಡುಕಬೇಡಿ. ಯಾವುದು ಮುಖ್ಯವೋ ಅದು ದೊಡ್ಡದು. ಹಡಗು ಮನೆಗಿಂತ ದೊಡ್ಡದು. ದೀಪಸ್ತಂಭ ಗುಡ್ಡಕ್ಕಿಂತ ದೊಡ್ಡದು. ಹಡಗಿನ ಹಗ್ಗ ಎಲ್ಲಿಂದ ಎಲ್ಲಿಗೆ ಕಟ್ಟಿದೆ ಎಂದು ಎಣಿಸಬಹುದು, ಯಾಕೆಂದರೆ ಅದನ್ನು ಕಟ್ಟಿದ ಕೈ ಅದು. ಕೆಲವು ಚಿತ್ರಗಳಲ್ಲಿ ನೀರಿನ ಅಡಿಯಲ್ಲಿ ಇರುವ ಬಲೆಯನ್ನೂ ಬಿಡಿಸಿದ್ದಾನೆ. ದಡದಲ್ಲಿ ನಿಂತು ನೋಡುವವನಿಗೆ ಕಾಣದ್ದು, ಬಲೆ ಬಿಟ್ಟವನಿಗೆ ಗೊತ್ತಿರುವಂಥದ್ದು. ಇನ್ನು ನೋಡಲು ಸಿಗದ್ದನ್ನು ನೆನಪಿನಿಂದ ಬಿಡಿಸುತ್ತಿದ್ದೇನೆ ಎಂಬ ಅರ್ಥದಲ್ಲಿ ಒಂದು ಪತ್ರದಲ್ಲಿ ಬರೆದಿದ್ದಾನಂತೆ. ಅಳು ಇಲ್ಲ, ಲೆಕ್ಕ ಒಪ್ಪಿಸುವ ಹಾಗೆ.

ಅದೇ ಕಾರ್ನ್‌ವಾಲ್‌ನಲ್ಲಿ ಅವನಿಗಿಂತ ಮೊದಲೇ ಹೆಸರಾಂತ ಚಿತ್ರಗಾರರು ಬಂದಿದ್ದರು. ಸ್ಟ್ಯಾನ್‌ಹೋಪ್ ಫೋರ್ಬ್ಸ್ ಎಂಬವನು ನ್ಯೂಲಿನ್ ಎಂಬ ಊರಿಗೆ 1884ರಲ್ಲಿ ಬಂದು, ಮರುವರ್ಷ ಅಲ್ಲಿಯ ಕಡಲ ಬದಿಯ ಮೀನಿನ ಏಲಂನ ದೊಡ್ಡ ಚಿತ್ರ ಮುಗಿಸಿದ. ನಿಜವಾಗಿ ಒಳ್ಳೆಯ ಚಿತ್ರ. ಒದ್ದೆ ಹೊಯಿಗೆಯಲ್ಲಿ ಆಕಾಶ ಕಾಣುತ್ತದೆ, ಮೀನಿನ ಹೊಟ್ಟೆಯ ಬಿಳಿ ಕಾಣುತ್ತದೆ. ಆದರೆ ಏಲಂ ಮಾತ್ರ ದೂರದಲ್ಲಿ, ಒಂದು ಗುಂಪು. ದರ ಹೇಳುವವನ ಬಾಯಿ, ಕೊಳ್ಳುವವನ ಮುಖ ನಮಗೆ ಸಿಗುವುದಿಲ್ಲ. 1896ರಲ್ಲಿ ಅದೇ ನ್ಯೂಲಿನ್‌ನಲ್ಲಿ ದೊಡ್ಡ ಗಲಭೆಯಾಯಿತು. ಊರಿನ ಮೀನುಗಾರರು ಭಾನುವಾರ ಕಡಲಿಗೆ ಇಳಿಯುವವರಲ್ಲ, ನಮ್ಮ ಮಾಪಿಳ್ಳ ಕೇರಿಗಳಲ್ಲಿ ಶುಕ್ರವಾರ ಇಳಿಯದ ಹಾಗೆ. ಪೂರ್ವ ಕರಾವಳಿಯ ಬೋಟುಗಳು ಭಾನುವಾರವೂ ಹಿಡಿದು ಮಾರುಕಟ್ಟೆ ಕೆಡಿಸಿದವು ಎಂದು ಸಿಟ್ಟಾಗಿ ಅವರ ಮೀನನ್ನು ನೀರಿಗೆ ಚೆಲ್ಲಿದರು. ಸೈನ್ಯ ಬಂತು. ಫೋರ್ಬ್ಸ್ ಆಗ ಆ ಊರಿನವನೇ ಆಗಿದ್ದ. ಇವತ್ತು ಅವನ ಹೆಸರು ಹೇಳಿದರೆ ಜನರಿಗೆ ನೆನಪಾಗುವುದು ಮಾತ್ರ 1885ರ ಆ ಶಾಂತವಾದ ಹೊಯಿಗೆ.

ವಾಲಿಸ್‌ಗೆ ಏನಾಯಿತು ಎಂಬುದನ್ನೂ ಹೇಳಬೇಕು, ಯಾಕೆಂದರೆ ವ್ಯಾಪಾರದ ಮಾತು ಅಲ್ಲಿಯೂ ಇದೆ. 1928ರಲ್ಲಿ ಬೆನ್ ನಿಕೋಲ್ಸನ್, ಕ್ರಿಸ್ಟೋಫರ್ ವುಡ್ ಎಂಬ ಇಬ್ಬರು ಎಳೆಯ ಕಲಾವಿದರು ಅವನ ಮನೆ ಬಾಗಿಲ ಮುಂದೆ ಹಾದುಹೋಗುವಾಗ ಒಳಗಿನ ಚಿತ್ರ ನೋಡಿ ಬೆರಗಾದರು. ಆಮೇಲೆ ಲಂಡನ್ನಿನಿಂದ ಜಿಮ್ ಈಡ್ ಎಂಬವರು ಅಂಚೆಯಲ್ಲಿ ಕಟ್ಟುಕಟ್ಟಾಗಿ ತರಿಸಿ ಕೊಂಡರು, ಒಂದಕ್ಕೆ ಕೆಲವೇ ಶಿಲಿಂಗ್. ಇವತ್ತು ಅವೇ ರಟ್ಟುಗಳಿಗೆ ಸಾವಿರಾರು ಪೌಂಡ್. ವಾಲಿಸ್ ಸತ್ತದ್ದು 1942ರಲ್ಲಿ, ಬಡವರನ್ನು ಇಡುವ ಸರಕಾರಿ ಮನೆಯಲ್ಲಿ. ಗೋರಿಗೆ ಬರ್ನಾರ್ಡ್ ಲೀಚ್ ಎಂಬ ದೊಡ್ಡ ಕುಂಬಾರ ಚಂದದ ಹೆಂಚು ಮಾಡಿಕೊಟ್ಟರು. ಬದುಕಿದ್ದಾಗ ಶಿಲಿಂಗ್, ಸತ್ತ ಮೇಲೆ ಹೆಂಚು.

ಊರು? ಬಲೆ ಇಡುತ್ತಿದ್ದ ಅಟ್ಟಗಳು, ಮೀನಿಗೆ ಉಪ್ಪು ಹಾಕುತ್ತಿದ್ದ ನೆಲಮಾಳಿಗೆಗಳು ಚಿತ್ರಗಾರರ ಕೋಣೆಗಳಾದವು, ಆಮೇಲೆ ರಜೆಗೆ ಬರುವವರ ಮನೆಗಳಾದವು. 1993ರಲ್ಲಿ ಕಡಲಿಗೆ ಮುಖ ಮಾಡಿ ದೊಡ್ಡ ಕಲಾ ಮ್ಯೂಸಿಯಂ ಬಂತು. 2016ರಲ್ಲಿ ಊರಿನವರು ಮತ ಹಾಕಿ, ಇನ್ನು ಹೊಸದಾಗಿ ಕಟ್ಟುವ ಮನೆಯನ್ನು ಹೊರಗಿನವರು ರಜೆಯ ಎರಡನೇ ಮನೆಯಾಗಿ ಇಟ್ಟುಕೊಳ್ಳಬಾರದು ಎಂದರು. ಹೌದು ಎಂದವರು 100ಕ್ಕೆ 80ಕ್ಕೂ ಹೆಚ್ಚು. ಬೇಕಲದಿಂದ ಉಳ್ಳಾಲದವರೆಗೆ ರೆಸಾರ್ಟು, ಹೋಮ್‌ಸ್ಟೇ ಏಳುವುದನ್ನು ನೋಡುತ್ತಿರುವ ನಾವು ಇದನ್ನು ಸ್ವಲ್ಪ ನಿಧಾನವಾಗಿ ಓದುವುದು ಒಳ್ಳೆಯದು. ಅಲ್ಲಿ ರಿಸೆಪ್ಶನ್ ಮೇಜಿನ ಹಿಂದೆ ತೂಗುವುದೂ ಈ ಖಾಲಿ ಓಡವೇ. ಓಡ ಖಾಲಿ ಇದ್ದರೆ ತಾನೇ ದಡ ಮಾರಬಹುದು.

“ಚಿತ್ರ ನಮಗೆ ಹೇಳಿದ್ದಲ್ಲ” ಎನ್ನುವವರು ಇದ್ದೇ ಇರುತ್ತಾರೆ. ಮಸ್‌ಅಲ ಹೇಳಲು ನಾನು ಉಸ್ತಾದ್ ಅಲ್ಲ. ಆದರೆ ಜೀವವಿಲ್ಲದ್ದನ್ನು, ಮರವನ್ನು ಬಿಡಿಸಬಹುದು ಎಂದು ಇಬ್ನು ಅಬ್ಬಾಸ್ ಹೇಳಿದ್ದು ಮದ್ರಸದಲ್ಲಿ ಕೂತವರಿಗೆ ಗೊತ್ತು. ತಕ್ಕಡಿಗೆ ಜೀವ ಇಲ್ಲ. ಸೈಕಲಿಗೆ, ಹಾರ್ನಿಗೆ, ಐಸಿನ ಪೆಟ್ಟಿಗೆಗೆ, ಮುಂಗಡದ ಪುಸ್ತಕಕ್ಕೆ ಜೀವ ಇಲ್ಲ. ವಾಲಿಸ್‌ನ ಎಷ್ಟೋ ಚಿತ್ರಗಳಲ್ಲೂ ಮನುಷ್ಯನ ಮುಖ ಇಲ್ಲ, ಆದರೂ ಮನುಷ್ಯನ ಕೆಲಸ ಇದೆ. ಅವನೂ ಕಟ್ಟುನಿಟ್ಟಿನ ದೀನಿನವನೇ, ಭಾನುವಾರ ಬಣ್ಣ ಮುಟ್ಟದೆ ಬೈಬಲ್ ಓದುತ್ತಿದ್ದವನು. ಇನ್ನು, ಖಾಲಿ ಓಡವನ್ನು ಗೋಡೆಗೆ ಹಾಕುವಾಗ ಬಾರದ ಮಸ್‌ಅಲ, ಏಲಂ ಬಿಡಿಸಿ ಎಂದಾಗ ಮಾತ್ರ ಯಾಕೆ ಬರುತ್ತದೆ?

“ಹಳೆಯದನ್ನು ಕೆದಕಿದರೆ ಮೊಗವೀರರಿಗೂ ನಮಗೂ ಮನಸ್ತಾಪ” ಎಂಬ ಇನ್ನೊಂದು ಮಾತು. ನನಗೆ ತದ್ವಿರುದ್ಧ ಕಾಣುತ್ತದೆ. ನಲ್ವತ್ತು ವರ್ಷ ಒಂದೇ ಹೊಯಿಗೆಯಲ್ಲಿ ನಿಂತು ದರಕ್ಕೆ ಜಗಳಾಡಿದ ಇಬ್ಬರು ಮುದುಕರಿಗೆ ಒಬ್ಬರ ಬಗ್ಗೆ ಒಬ್ಬರಿಗೆ ಗೊತ್ತಿರುವಷ್ಟು ಈಗಿನ ಮಕ್ಕಳಿಗೆ ಗೊತ್ತಿಲ್ಲ. ನನ್ನ ಉಪ್ಪನಿಗೆ ಯಾವ ಓಡ ಯಾರದ್ದು, ಯಾರ ಮನೆಯಲ್ಲಿ ಮದುವೆ, ಯಾರಿಗೆ ಈ ವಾರ ದುಡ್ಡು ತುರ್ತು ಎಂದು ತಿಳಿದಿತ್ತು. ತಿಳಿದದ್ದಕ್ಕೆ ದರ ಇಳಿಸಿದ ದಿನವೂ ಇರಬಹುದು, ಸಾಲ ಬಿಟ್ಟ ದಿನವೂ ಇತ್ತು. ಎರಡೂ ಚಿತ್ರದಲ್ಲಿ ಬರಲಿ. ಜಗಳ ಇಲ್ಲದ ಕಡಲ ಬದಿಯ ಚಿತ್ರದಲ್ಲಿ ಇಬ್ಬರೂ ಇಲ್ಲ.

ಆದ್ದರಿಂದ ಆ ಸಭಾಂಗಣದ ಚಿತ್ರಕ್ಕೆ ನಾನು ಚಂದಾ ಕೊಟ್ಟಿಲ್ಲ, ಕೊಡುವುದೂ ಇಲ್ಲ. ನೀವೂ ಕೊಡಬೇಡಿ ಎಂದು ಬಾಯಿಬಿಟ್ಟೇ ಹೇಳುತ್ತೇನೆ. ಶಾಲೆಗಳ ಚಿತ್ರ ಸ್ಪರ್ಧೆಯಲ್ಲಿ ‘ಕಡಲ ತೀರದ ಸೂರ್ಯಾಸ್ತ’ ಎಂದು ವಿಷಯ ಕೊಡುವ ಮೇಷ್ಟರುಗಳಿಗೂ ಒಂದು ಮಾತು: ಒಂದು ವರ್ಷ ಅದನ್ನು ಬಿಟ್ಟು ‘ಬೆಳಗ್ಗಿನ ಏಲಂ’ ಎಂದು ಕೊಟ್ಟು ನೋಡಿ. ಮಂಜೇಶ್ವರದ ಬಂದರಿಗೆ ಮಕ್ಕಳನ್ನು ಬೆಳಗ್ಗೆ ಕರೆದುಕೊಂಡು ಹೋಗಿ. ಕ್ರೇಟಿನ ಬಣ್ಣ, ಡೀಸೆಲ್ ಕ್ಯಾನು, ಬಂಗಾಳದ ಹುಡುಗರು ಎಳೆಯುವ ಬಲೆ, ದರ ಹೇಳುವವನ ಬೆರಳು, ಮೂಲೆಯಲ್ಲಿ ಮೊಬೈಲ್ ಹಿಡಿದು ಲಾರಿಗೆ ಹೇಳುವವನು. ಅದನ್ನೆಲ್ಲ ಬಿಡಿಸಲಿ.

ದೊಡ್ಡ ಕೆಲಸ ಇರುವುದು ಮುದುಕರ ಹತ್ತಿರ. ರಂಪಣಿ ಎಳೆದ ಕೈಗಳು ಇನ್ನೂ ಕೆಲವು ಉಳಿದಿವೆ, ಎಪ್ಪತ್ತು ಎಂಬತ್ತು ದಾಟಿದವರು. ಪೆಟ್ಟಿಗೆ ಕಟ್ಟಿ ಸೈಕಲ್ ತುಳಿದ ನಮ್ಮವರೂ ಇದ್ದಾರೆ, ಪಳ್ಳಿಯ ಜಗಲಿಯಲ್ಲಿ ಅಸರ್ ಆದ ಮೇಲೆ ಕೂತಿರುತ್ತಾರೆ. ಅವರಿಗೆ ಚಿತ್ರ ಬರುವುದಿಲ್ಲ ಎನ್ನಬೇಡಿ, ವಾಲಿಸ್‌ಗೂ ಬರುತ್ತಿರಲಿಲ್ಲ. ಬಲೆ ಎಷ್ಟು ದೂರ ಹೋಗುತ್ತಿತ್ತು, ಯಾರು ಎಲ್ಲಿ ನಿಲ್ಲುತ್ತಿದ್ದರು, ಪಾಲು ಹೇಗೆ ಬೀಳುತ್ತಿತ್ತು, ದಲ್ಲಾಳಿಯ ಮೇಜು ಯಾವ ಮರದ ಅಡಿಯಲ್ಲಿ ಇತ್ತು, ಬಾಯಾರಿಗೆ ಹೋಗುವ ದಾರಿಯಲ್ಲಿ ಸೈಕಲ್ ದೂಡಬೇಕಾದ ಏರು ಎಷ್ಟು, ಇಷ್ಟನ್ನು ಗೀಟಿನಲ್ಲಿ ತೋರಿಸಿದರೆ ಸಾಕು. ಓಡಕ್ಕೆ ಬಳಿದು ಉಳಿದ ಬಣ್ಣದ ಡಬ್ಬಿ ಕಡಲ ಬದಿಯ ಮನೆಗಳಲ್ಲಿ ಸಿಗುತ್ತದೆ. ಸಿಗದಿದ್ದರೆ ನಾನು ತಂದುಕೊಡುತ್ತೇನೆ. ರಟ್ಟು ನಮ್ಮ ಗುಜರಿ ಅಂಗಡಿಗಳಲ್ಲಿ ಕಿಲೋ ಲೆಕ್ಕದಲ್ಲಿ ಬಿದ್ದಿದೆ.